ಹದಿನಾಲ್ಕನೇ ನಂಬರಿನ ಮರಿ

ನೀಲವ್ವನಿಗೆ ನಾನು ತೋರಿಸಿದ ಕುರಿಮರಿ ಬೇರೆಯದು. ಅವಳು ಕೇಳಿದ್ದು ಕುರುಡಾಗುತ್ತಿದ್ದ ಮರಿಯನ್ನು. ನಾನು ಅದರ ಕೊರಳಿನ ಬಿಲ್ಲೆ ಬಿಚ್ಚಿ, ಗಟ್ಟಿಮುಟ್ಟಾದ ಇನ್ನೊಂದರ ಕೊರಳಿಗೆ ಕಟ್ಟಿ, ಇದೇ ಅದು ಅಂದೆ. ನಾಲ್ಕು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ — ಅದಕ್ಕೇ ಬರೆಯುತ್ತಿದ್ದೇನೆ, ದೊಡ್ಡತನಕ್ಕಲ್ಲ.

ಬಾಗಲಕೋಟೆಯ ಹೊರಗೆ ನಮ್ಮ ಕಾಲೇಜಿನದೊಂದು ಸಂಶೋಧನೆಯ ಕುರಿದೊಡ್ಡಿ ಇತ್ತು. ಕೆಲವು ಮರಿಗಳು ಹುಟ್ಟುವಾಗಲೇ ಒಂದು ದೋಷ ಹೊತ್ತು ಬರುತ್ತವೆ. ಮೊದಲು ಚಂದವಾಗಿ ಜಿಗಿದಾಡುತ್ತವೆ, ಆಮೇಲೆ ಕಣ್ಣು ಹೋಗುತ್ತದೆ, ಆಮೇಲೆ ಕಾಲು. ಮಕ್ಕಳಿಗೂ ಇಂಥದೇ ಕಾಯಿಲೆ ಬರುವುದುಂಟು, ತೀರ ಅಪರೂಪಕ್ಕೆ. ಮಗುವಿನಲ್ಲಿ ವರ್ಷಗಟ್ಟಲೆ ನಡೆಯುವುದು ಮರಿಯಲ್ಲಿ ತಿಂಗಳುಗಳಲ್ಲಿ ಮುಗಿಯುತ್ತದೆ. ಹಾಗಾಗಿ ಮರಿಗಳನ್ನು ನೋಡಿ ಕಾಯಿಲೆಯ ಮೂಲ ಹುಡುಕುವುದು ನನ್ನ ಕೆಲಸ. ಮೂರು ವರ್ಷ ಮರಿಗಳನ್ನೇ ನೋಡಿದ್ದೆ, ಅಂಥ ಒಂದು ಮಗುವನ್ನೂ ಕಂಡಿರಲಿಲ್ಲ. ಆಗ ಹುನಗುಂದದ ಕಡೆಯ ನೀಲವ್ವ ಏಳು ವರ್ಷದ ಮಗಳು ಮಾಳವ್ವನನ್ನು ಕರೆದುಕೊಂಡು ಬಂದಳು. ಹುಡುಗಿಗೆ ಕಣ್ಣು ಮಂಜು. ಪರೀಕ್ಷೆ ಮಾಡಿದರೆ ಅದೇ ಕಾಯಿಲೆ. ನನಗೆ ಮೊದಲು ಆದದ್ದು ಸಂತೋಷ — ಇದನ್ನೂ ಹೇಳಿಬಿಡಬೇಕು.

ಅವತ್ತು ದೊಡ್ಡಿಯಲ್ಲಿ ಹದಿನಾಲ್ಕನೇ ನಂಬರಿನ ಮರಿಯನ್ನು ಮಾಳವ್ವನ ತೊಡೆಯ ಮೇಲೆ ಇಟ್ಟು, ಇದಕ್ಕೂ ನಿನ್ನ ಹಾಗೇ ಕಣ್ಣು ಮಂಜು ಅಂದೆ. ಕುರಿ ಕಾಯುವವರ ಮಗಳು. ಅದರ ಗದ್ದ ಹಿಡಿದು, ಮೂಗಿಗೆ ಮೂಗು ತಾಗಿಸಿ ನೋಡಿದಳು. ತಿಂಗಳಿಗೊಮ್ಮೆ ರಕ್ತ ಕೊಡಲು ಅವ್ವ ಮಗಳು ತಪ್ಪದೆ ಬಂದರು. ಮರಿ ಮತ್ತು ಮಗು, ಎರಡರ ಅಂಕಿ ಅಕ್ಕಪಕ್ಕ ಬರೆಯುತ್ತಿದ್ದೆ. ಅಂಥ ಪುಟ ನನ್ನ ಬಳಿ ಬೇರೊಂದಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ನೀಲವ್ವ ಕೇಳಿದಳು: "ಆ ಮರಿ ಹ್ಯಾಂಗೈತ್ರಿ? ಅದನ್ನ ನೋಡಿದ್ರ ನನ್ನ ಕೂಸಿಂದು ತಿಳಿತೈತಿ." ನನ್ನ ವಿದ್ಯಾರ್ಥಿಗಳಿಗೆ ಅರ್ಥವಾಗಲು ಒಂದು ಸೆಮಿಸ್ಟರ್ ಹಿಡಿಯುವ ವಿಷಯ ಅದು. ಆಮೇಲೆ ಅಂದಳು: "ಇವರಪ್ಪ ಕುರಿ ಹೊಡಕೊಂಡು ಪಟ್ಟದಕಲ್ಲಿನ ಹೊಳಿ ಕಡೆ ಹೊಂಟಾರ. ಕೂಸು ನಾನೂ ಹೋಗ್ತೇನಿ ಅಂತೈತಿ. ಈಗs ಕಳಸ್ಲ್ಯೋ, ಬರೂ ವರ್ಷ ಕಳಸ್ಲ್ಯೋ?"

ಹದಿನಾಲ್ಕನೇ ಮರಿ ಆಗ ಹಿಂದಿನ ಕೋಣೆಯಲ್ಲಿ ಗೋಡೆಗೆ ಹಣೆ ಬಡಿದುಕೊಳ್ಳುತ್ತಿತ್ತು. ಬರುವ ವರ್ಷಕ್ಕೆ ಮಾಳವ್ವನಿಗೆ ಕಣ್ಣಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಆ ಮರಿಯನ್ನು ಕಂಡರೆ ನೀಲವ್ವ ಮತ್ತೆ ಸೂಜಿ ಚುಚ್ಚಿಸಲು ಬರುತ್ತಾಳೆಯೇ? ಹುಡುಗಿ ಆರು ತಿಂಗಳು ಹೊಳೆದಂಡೆ ಅಲೆದರೆ ನನ್ನ ಪುಟ — ಹೌದು, ನಾನು ಯೋಚಿಸಿದ್ದು ಪುಟವನ್ನೇ. ಒಳಗೆ ಹೋಗಿ ಬಿಲ್ಲೆ ಬದಲಿಸಿ ಬಂದೆ.

"ನೋಡವ್ವಾ, ಹುಷಾರಾಗೈತಿ. ಬರೂ ವರ್ಷ ಕಳಸು."

ನೀಲವ್ವ ಮರಿಯ ಮುಖವನ್ನು ತುಸು ಹೊತ್ತು ನೋಡಿದಳು. ಮಾಳವ್ವ ಮಾತ್ರ ಅದನ್ನು ಅಪ್ಪಿಕೊಂಡು, "ಇದು ಆರಾಮ ಆತಲ್ಲ ಅವ್ವಾ, ನಾನೂ ಆಗ್ತೇನಿ," ಅಂದಳು. ಅಪ್ಪನ ಕುರಿಗಳು ಅವಳಿಲ್ಲದೆ ಹೋದವು. ಮುಂದಿನ ದೀಪಾವಳಿಗೆ ಅವಳಿಗೆ ಬೆಳಕೂ ಕತ್ತಲೂ ಒಂದೇ ಆಗಿತ್ತು. ಎರಡು ಮಳೆಗಾಲ ಕಳೆದ ಮೇಲೆ ಕಾಲೂ ಹೋಯಿತು. ನನ್ನ ಲೇಖನ ಪ್ರಕಟವಾಯಿತು, ಅಭಿನಂದನೆಗಳು ಬಂದವು, ವಿದ್ಯಾಗಿರಿಯ ಮನೆಯಲ್ಲಿ ಕೂತು ಎಲ್ಲಕ್ಕೂ ಉತ್ತರ ಬರೆದೆ. ಕಾಯಿಲೆಯ ಮೂಲ ಇನ್ನೂ ಪೂರ್ತಿ ಸಿಕ್ಕಿಲ್ಲ.

ಹೋದ ತಿಂಗಳು ಇಳಕಲ್ಲಿನ ಬಸ್ಸು ಹತ್ತಿ, ನಡುವೆ ಇಳಿದು ಅವರ ಮನೆಗೆ ಹೋದೆ. ಮಾಳವ್ವ ಒಳಗೆ ಕಂಬಳಿಯ ಮೇಲೆ ಮಲಗಿದ್ದಳು. ಕಟ್ಟೆಯ ಮೇಲೆ ಕೂತು ನೀಲವ್ವನಿಗೆ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವತ್ತs ಗೊತ್ತಾಗಿತ್ರಿ. ಮರಿ ಮಾರಿ ನೋಡಿದ್ರ ಇದು ಬ್ಯಾರೆ ಅಂತ ಕುರಿ ಕಾಯೂ ನಮಗ ತಿಳಿಯೂದಿಲ್ಲೇನ್ರಿ? ಆದ್ರ ನೀವು ಭಾಳ ಕಲತವ್ರು, ಸುಳ್ಳ ಯಾಕ ಹೇಳ್ತೀರಿ ಅಂತ — ನನ್ನ ಕಣ್ಣs ಖರೆ ಅಲ್ಲ ಅಂದ್ಕೊಂಡ್ನಿ."

ಒಳಗಿನಿಂದ ಮಾಳವ್ವ ತೊದಲುತ್ತ ಕೇಳಿದಳು: "ಯಾರ ಬಂದಾರ ಅವ್ವಾ?"

"ಮರಿ ತೋರಿಸಿದ್ರಲ್ಲ, ಆ ಅಕ್ಕಾರು."

"ಆ ಮರಿ ಆರಾಮೈತೇನ್ರೀ ಅಕ್ಕಾರ?"

ನಾನು ನೀಲವ್ವನ ಕಡೆ ನೋಡಿದೆ. ಒಳಗೆ ಹೋಗಿ ಹುಡುಗಿಯ ಪಕ್ಕ ಕೂತೆ.

"ಇಲ್ಲವ್ವ," ಅಂದೆ. "ಅವತ್ತೂ ಆರಾಮ ಇರಲಿಲ್ಲ."