ಮದ್ದೂರಿಗೆ ಬಂದ ಮೊಟ್ಟೆ ಚೆಂಡು

ಮದ್ದೂರು ರೈಲ್ವೆ ಸ್ಟೇಷನ್ನಿನ ಎದುರು, ಜಟಕಾಗಳು ನಿಲ್ಲುವ ಜಾಗಕ್ಕೆ ಒತ್ತಿಕೊಂಡೇ ಗಫಾರನ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಮಾಡು, ಕೂರಲು ಒಂದು ಮಣೆ, ಗೂಟಕ್ಕೆ ನೇತುಹಾಕಿದ ಚರ್ಮದ ಪಟ್ಟಿಗಳು, ಅಷ್ಟೆ. ಜಟಕಾ ಕುದುರೆಗಳ ಲಗಾಮು, ಎದೆಪಟ್ಟಿ, ಬೆನ್ನುಪಟ್ಟಿ ಹೊಲಿಯುವುದು ಅಪ್ಪನಿಂದ ಬಂದ ಕಸುಬು. ಕೈ ಚುರುಕಾಗಿತ್ತು, ಬಾಯಿ ಕೈಗಿಂತ ತುಸು ಮುಂದಿರುತ್ತಿತ್ತು. ಒಂದು ಲಗಾಮು ಹೊಲಿದು ಮುಗಿಸುವಷ್ಟರಲ್ಲಿ, ಮೈಸೂರಿನ ದೊಡ್ಡ ಲಾಯದವರು ತನ್ನನ್ನು ಕರೆಸಿಕೊಳ್ಳುವುದರಲ್ಲಿದ್ದರು ಎಂಬ ಕಥೆ ಕೇಳುವವನ ಕಿವಿಗೆ ಬಿದ್ದೇ ಬೀಳುತ್ತಿತ್ತು. ಕರೆಸಿಕೊಂಡಿರಲಿಲ್ಲ, ಆ ಮಾತು ಬೇರೆ.

ಸಾವಿರದ ಒಂಬೈನೂರ ನಲವತ್ತರಲ್ಲಿ ಸೈನ್ಯಕ್ಕೆ ಚರ್ಮದ ಕೆಲಸದವರು ಬೇಕಾಗಿದ್ದಾರೆ ಎಂದು ಮಂಡ್ಯದಿಂದ ಸುದ್ದಿ ಬಂತು. ಜಟಕಾದ ಮರಿಸಿದ್ದಯ್ಯ, ಗಫಾರನ ಜೊತೆ ಗೋಲಿ ಆಡಿ ಬೆಳೆದವನು, ಸುಮ್ಮನೆ ಕೆಣಕಲೆಂದು, "ನೀನೆಲ್ಲಿ ಓದೀಯ ಬುಡ್ಲಾ" ಎಂದ. ಆ ಒಂದು ಮಾತಿಗೆ ಗಫಾರ್ ಹೋಗಿ ಹೆಸರು ಕೊಟ್ಟು ಬಂದ. ಮನೆಯಲ್ಲಿ ಹೆಂಡತಿ ಬಷೀರುನ್ನೀಸಾ ಅಳಲೂ ಇಲ್ಲ, ತಡೆಯಲೂ ಇಲ್ಲ. "ಬೇರೆಯವರು ಬಂದೂಕು ಹಿಡಿದು ಯುದ್ಧಕ್ಕೆ ಹೋಗುತ್ತಾರೆ, ನೀವು ದಬ್ಬಳ ಹಿಡಿದು ಹೊರಟಿದ್ದೀರಿ" ಎಂದು ಮನೆಮಾತಾದ ಉರ್ದುವಿನಲ್ಲಿ ಅಂದು, ಬಟ್ಟೆ ಗಂಟು ಕಟ್ಟಿಕೊಟ್ಟಳು.

ಅವನ ಪಟಾಲಮ್ಮು ಮಲಯಕ್ಕೆ ಹೋಯಿತು. ನಲವತ್ತೆರಡರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನವರ ಕೈಗೆ ಬಿತ್ತು. ಅದರ ಜೊತೆಗೆ ಗಫಾರನೂ ಬಿದ್ದ. ಆಮೇಲೆ ಮೂರೂವರೆ ವರ್ಷ ಮದ್ದೂರಿಗೆ ಅವನ ಒಂದು ಕಾಗದವೂ ಬರಲಿಲ್ಲ. ಬಷೀರುನ್ನೀಸಾ ಕೆಲವು ತಿಂಗಳು ಕಾದಳು. ನಂತರ ಗಂಡನ ದಬ್ಬಳ, ಮೇಣದ ದಾರ ತೆಗೆದುಕೊಂಡು ಮನೆಯ ಒಳಗೇ ಕೂತು ಲಗಾಮು ಹೊಲಿಯತೊಡಗಿದಳು. ಮರಿಸಿದ್ದಯ್ಯ ಬಾಗಿಲಲ್ಲಿ ಕಿತ್ತ ಪಟ್ಟಿಗಳನ್ನು ಇಟ್ಟು ಹೋಗುವನು, ಹೊಲಿದದ್ದನ್ನು ಒಯ್ಯುವನು. ವರ್ಷ ಕಳೆಯುವುದರೊಳಗೆ ಜಟಕಾದವರೆಲ್ಲ ಒಂದು ವಿಷಯ ಕಂಡುಕೊಂಡರು: ಬಷೀರವ್ವನ ಹೊಲಿಗೆ ಗಫಾರನ ಹೊಲಿಗೆಗಿಂತ ಬಿಗಿ. ಅವನು ಬದುಕಿ ಬಂದರೆ ಇದನ್ನು ಹೇಗೆ ಹೇಳುವುದು ಎಂಬುದೇ ಅವರಿಗೊಂದು ಚಿಂತೆಯಾಯಿತು.

ನಲವತ್ತಾರರ ಮಾರ್ಚಿನಲ್ಲಿ ಅವನು ಬಂದ. ರೈಲಿನಿಂದ ಇಳಿದವನನ್ನು ಮರಿಸಿದ್ದಯ್ಯ ಗುರುತಿಸದೆ, "ಎಲ್ಲಿಗ್ ಸ್ವಾಮಿ?" ಎಂದು ಕೇಳಿದ. "ನಮ್ಮನೆಗೆ ಕಣ್ಲಾ" ಎಂದ ಮೇಲೆ ಚಾವಟಿ ಕೆಳಗೆ ಹಾಕಿ ತಬ್ಬಿಕೊಂಡ.

ಊರವರು ಯುದ್ಧದ ಕಥೆ ಕೇಳಲು ಅಂಗಡಿ ಮುಂದೆ ಸೇರಿದರು. ಗಫಾರ್ ಶುರುಮಾಡಿದ್ದು ಚೆಂಡಿನ ಕಥೆ.

ಜಪಾನಿನವರು ಅವನನ್ನೂ ಇನ್ನೂ ಅನೇಕರನ್ನೂ ಹಡಗಿನಲ್ಲಿ ದೂರದ ದ್ವೀಪವೊಂದರ ರಬೌಲ್ ಎಂಬ ಕಡೆಗೆ ಸಾಗಿಸಿದ್ದರು. ಯುದ್ಧ ಮುಗಿದಾಗ ಬಂದು ಬಿಡಿಸಿದವರು ಆಸ್ಟ್ರೇಲಿಯಾದ ಸೈನಿಕರು. ಅವರ ಆಸ್ಪತ್ರೆ ಡೇರೆಯಲ್ಲಿ ಗಫಾರ್ ಮಲಗಿದ್ದಾಗ, ಪಕ್ಕದ ಡೇರೆಗೆ ಅಡುಗೆ ಮಾಡುವವನೊಬ್ಬ ಹೊಲಿಗೆ ಬಿಟ್ಟ ಚೆಂಡೊಂದನ್ನು ಹಿಡಿದುಕೊಂಡು, ಇದನ್ನು ಹೊಲಿಯಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತ ಬಂದ. ಅವನ ಕೂದಲು ಮೆಣಸಿನಕಾಯಿಯಂತೆ ಕೆಂಪು; ಅದಕ್ಕೇ ಜೊತೆಯವರು ಅವನನ್ನು ಬ್ಲೂ, ಅಂದರೆ ನೀಲಿ, ಎಂದು ಕರೆಯುತ್ತಿದ್ದರು. ಅದು ಯಾವ ಲೆಕ್ಕವೋ ಗಫಾರನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮೂರು ವರ್ಷದಿಂದ ಚರ್ಮ ಮುಟ್ಟದ ಕೈ. ಗಫಾರ್ ಚೆಂಡನ್ನು ಇಸಿದುಕೊಂಡು ನೋಡಿದ. ಎರಡೂ ತುದಿ ಚೂಪಾಗಿ ಕೋಳಿಮೊಟ್ಟೆಯಂತಾಗಿತ್ತು. ಪಾಪ, ಮಳೆಯಲ್ಲಿ ನೆನೆದು ಹಿಗ್ಗಿ ಆಕಾರ ಕೆಟ್ಟಿದೆ ಎಂದುಕೊಂಡ. ಎರಡು ದಿನ ಹಾಸಿಗೆಯ ಮೇಲೆ ಕೂತು, ತುದಿಗಳನ್ನು ಒಳಕ್ಕೆಳೆದು, ಹೆಚ್ಚಿನ ಚರ್ಮ ಮಡಿಸಿ ಹೊಲಿದು, ಕಿತ್ತಳೆಯ ಹಾಗೆ ದುಂಡಗೆ ಮಾಡಿ ಹೆಮ್ಮೆಯಿಂದ ಹಿಂದಕ್ಕೆ ಕೊಟ್ಟ. ಬ್ಲೂ ಅದನ್ನು ಒಂದು ಸಲ ತಿರುಗಿಸಿ ನೋಡಿದ. ಗಫಾರನ ಮುಖ ನೋಡಿದ. ನಂತರ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕ. ಮಾರನೆಯ ದಿನ ಗಫಾರನನ್ನು ಕುರ್ಚಿ ಸಮೇತ ಎತ್ತಿಸಿಕೊಂಡು ಹೋಗಿ ಮೈದಾನದ ಅಂಚಿನಲ್ಲಿ ಕೂರಿಸಿ, ತಮ್ಮ ದೇಶದ ಫುಟ್‌ಬಾಲ್ ಆಟ ಆಡಿಸಿ, ಅದರ ಚೆಂಡು ಹುಟ್ಟಿದ್ದೇ ಮೊಟ್ಟೆಯ ಹಾಗೆ ಎಂದು ತೋರಿಸಿಕೊಟ್ಟ.

"ತೊಂಬತ್ ವರ್ಸದ ಆಟ ಕಣ್ರಪ್ಪಾ" ಎಂದು ಗಫಾರ್ ಅಂಗಡಿ ಮುಂದೆ ಕೂತವರಿಗೆ ವಿವರಿಸುವನು. "ಚಳಿಗಾಲದಾಗೆ ಕ್ರಿಕೆಟ್ನೋರ ಮೈ ಜಡ್ ಇಡಿಬಾರ್ದು ಅಂತ ಮೆಲ್ಬರ್ನಿನೋರು ಸುರು ಮಾಡುದ್ರಂತೆ. ಒಂದೊಂದ್ ಕಡೀಕೂ ಅದಿನೆಂಟ್ ಜನ. ಯುದ್ದ ಬಂದು ಅಲ್ಲಿನ್ ದೊಡ್ ಮೈದಾನನೇ ಸೈನ್ಯದೋರು ಇಸ್ಕಂಡ್ರೂ ಆಟ ನಿಂತಿಲ್ಲ, ಬ್ಯಾರೆ ಕಡೆ ಆಡವ್ರೆ. ಯುದ್ದಕ್ ಮುಂಚೆ ಒಂದ್ ಸಲ ಒಂದ್ ಲಕ್ಸ ಜನ ಸೇರಿದ್ರಂತೆ ನೋಡಾಕೆ."

"ಲಕ್ಸವಾ?" ಎಂದ ಮರಿಸಿದ್ದಯ್ಯ. "ಮದ್ದೂರು, ಮಂಡ್ಯ, ಮಳವಳ್ಳಿ ಮೂರೂ ಪ್ಯಾಟೆ ಜನ ತುಂಬುದ್ರೂ ಅಷ್ಟ್ ಆಗಾಕಿಲ್ಲ. ಯಾವುದ್ಕೂ ಒಸಿ ಇಳಿಸ್ಲಾ."

ಗಫಾರ್ ಒಂದು ತಲೆಯನ್ನೂ ಇಳಿಸಲಿಲ್ಲ. ಮಾತಿನಿಂದ ನಂಬುವವರಲ್ಲ ಎಂದು ಕಂಡಾಗ, ತಾನೇ ಅಂಥ ಚೆಂಡು ಮಾಡಲು ಹೊರಟ. ಬ್ಲೂನ ಚೆಂಡಿನ ನಾಲ್ಕು ಚರ್ಮದ ತುಂಡುಗಳ ಅಳತೆಗೆ ಕತ್ತರಿಸಿದ ಕಾಗದ ಅವನ ಪೆಟ್ಟಿಗೆಯಲ್ಲಿತ್ತು. ಒಳಗಿನ ರಬ್ಬರು ಚೀಲ ಮಂಡ್ಯದಲ್ಲಿ ಸಿಕ್ಕಿತು. ಹೊಲಿದ, ಗಾಳಿ ತುಂಬಿಸಿದ, ಒದ್ದ. ಚೆಂಡು ಅಂಗಡಿ ಮುಂದೆಯೇ ಬಾಯಿ ಬಿಟ್ಟಿತು. ಇನ್ನೊಂದು ಸಲ ಹೊಲಿದ. ಇನ್ನೊಂದು ಕಡೆ ಬಿಟ್ಟಿತು. ಮೂರನೆಯ ಸಲ ಮನೆಗೆ ಒಯ್ದು ಮೂಲೆಯಲ್ಲಿಟ್ಟ. ಬಷೀರುನ್ನೀಸಾ ಕೇಳದೆಯೇ ಅದನ್ನು ಬಿಚ್ಚಿ, ಮೇಣ ತೀಡಿದ ಜೋಡಿ ದಾರದಲ್ಲಿ ಹೊಲಿದು ಇಟ್ಟಳು. ಅದು ಬಿಡಲಿಲ್ಲ. ಅಂಗಡಿಗೆ ಬಂದವರಿಗೆ ಗಫಾರ್, "ಸ್ವಲ್ಪ ಒಣಗಿದ್ ಮ್ಯಾಲೆ ಒಲಿಗೆ ಸರಿಯಾಗಿ ಕೂತ್ಕತು" ಎಂದ. ಹೊಲಿದದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಭತ್ತದ ಕೊಯ್ಲು ಮುಗಿದು, ನಲವತ್ತೇಳರ ಜನವರಿಯಲ್ಲಿ ಪಂದ್ಯ ನಿಗದಿಯಾಯಿತು. ಒಂದು ಕಡೆ ಮದ್ದೂರಿನ ಜಟಕಾದವರು, ಮುಂದಾಳು ಮರಿಸಿದ್ದಯ್ಯ. ಇನ್ನೊಂದು ಕಡೆ ಹನಕೆರೆಯ ರೈತರು, ಮುಂದಾಳು ಅಂಕಯ್ಯ. ಅವನ ಬೆನ್ನು ಎತ್ತಿನ ಬೆನ್ನಿನಷ್ಟು ಅಗಲ. ಹದಿನೆಂಟು ಜನರ ಬದಲು ಹನ್ನೊಂದು ಹನ್ನೊಂದು ಸಿಕ್ಕರು. ಹನಕೆರೆ ಸ್ಟೇಷನ್ನಿನ ಹಿಂದೆ, ಅಂಕಯ್ಯನ ಕಬ್ಬಿನ ಗದ್ದೆಗೆ ತಗುಲಿದ ಬಯಲಿನಲ್ಲಿ ಗಫಾರ್ ಬೂದಿಯಿಂದ ಗೆರೆ ಹಾಕಿದ. ಚೆಂಡು ಮೊಟ್ಟೆ, ಮೈದಾನವೂ ಮೊಟ್ಟೆ. ಎರಡು ತುದಿಯಲ್ಲೂ ನಾಲ್ಕು ನಾಲ್ಕು ಬಿದಿರು ಗಳ: ನಡುವೆ ಎರಡು ಉದ್ದನೆಯವು, ಅವುಗಳ ಅಕ್ಕಪಕ್ಕ ಎರಡು ಗಿಡ್ಡನೆಯವು.

"ಉದ್ದದ್ ಎರಡರ ಮಧ್ಯೆ ಒದ್ರೆ ಆರು" ಎಂದು ತೀರ್ಪುಗಾರನಾಗಿ ನಿಂತ ಗಫಾರ್ ಸಾರಿದ. "ಅದು ತಪ್ಪಿ ಉದ್ದದ್ಕೂ ಪಕ್ಕದ್ ಗಿಡ್ಡದ್ಕೂ ಮಧ್ಯೆ ಓದ್ರೆ ಒಂದು."

"ತಪ್ಪುದ್ರೂ ಒಂದಾ?" ಎಂದ ಅಂಕಯ್ಯ.

"ಊಂ. ತಪ್ಪುದ್ರೂ ಒಂದು."

"ಬಾಳ ಒಳ್ಳೇ ಜನ ಕಣಪ್ಪ ಅವ್ರು" ಎಂದು ಅಂಕಯ್ಯ ಪಂಚೆ ಎತ್ತಿ ಕಟ್ಟಿದ.

ಚೆಂಡು ಯಾರ ಮಾತನ್ನೂ ಕೇಳಲಿಲ್ಲ. ನೆಲಕ್ಕೆ ಬಿದ್ದರೆ ಎತ್ತ ನೆಗೆಯುತ್ತದೆ ಎಂದು ಅದಕ್ಕೇ ಗೊತ್ತಿರಲಿಲ್ಲ. ಜಟಕಾದವರು ಕುದುರೆ ಹಿಂದೆ ಓಡಿ ಪಳಗಿದವರು, ಕಾಲು ಚುರುಕು. ಮರಿಸಿದ್ದಯ್ಯ ಎರಡು ಸಲ ಉದ್ದ ಗಳಗಳ ನಡುವೆ ಒದ್ದ. ಹನಕೆರೆಯವರಲ್ಲಿ ಒಬ್ಬನೇ ಒಂದು ಸಲ ಹಾಗೆ ಒದ್ದ. ಅಂಕಯ್ಯ ಒದ್ದದ್ದೆಲ್ಲ ಬಲಕ್ಕೇ ಹೋಗುತ್ತಿತ್ತು. ಏಳು ಸಲ ಒದ್ದ, ಏಳು ಸಲವೂ ಉದ್ದ ಗಳಕ್ಕೂ ಗಿಡ್ಡ ಗಳಕ್ಕೂ ನಡುವೆಯೇ ಹೋಯಿತು. ಪ್ರತಿ ಸಲವೂ ಮದ್ದೂರಿನವರು ಚಪ್ಪಾಳೆ ತಟ್ಟಿ ನಕ್ಕರು.

ಆಟ ಮುಗಿದಾಗ ಮರಿಸಿದ್ದಯ್ಯನನ್ನು ಅವನ ಕಡೆಯವರು ಹೆಗಲ ಮೇಲೆ ಎತ್ತಿಕೊಂಡಿದ್ದರು. ಗಫಾರ್ ಅವರ ಹತ್ತಿರ ನಡೆದುಬಂದ. ಬರುವಾಗ ಲೆಕ್ಕವನ್ನು ಇನ್ನೊಂದು ಸಲ ಬೆರಳಲ್ಲಿ ಎಣಿಸಿಕೊಂಡ. ನಲವತ್ತು ವರ್ಷದ ಸ್ನೇಹಿತ. ತಾನಿಲ್ಲದಾಗ ತನ್ನ ಮನೆಯ ಬಾಗಿಲಿಗೆ ಕೆಲಸ ತಂದುಕೊಟ್ಟವನು.

"ಇಳಿಸ್ರಪ್ಪಾ ಅವನ್ನ" ಎಂದ. "ಮದ್ದೂರು ಅನ್ನೆರಡು. ಅನಕೆರೆ ಅದಿಮೂರು."

ಮರಿಸಿದ್ದಯ್ಯ ಇಳಿದ. "ನಾ ಎರಡ್ ಗೋಲ್ ಒಡ್ದೆ. ಅವ್ನು ಏಳ್ ಸಲ ತಪ್ಪುಸ್ದ. ತಪ್ಸಿದೋನ್ ಗೆದ್ದನಾ?"

"ಆಟ ಅಂಗೈತೆ ಕಣ್ಲಾ."

"ಆಟ ಅಂಗಿಲ್ಲ ಕಣ್ಲಾ, ನೀ ಅಂಗಿದ್ದೀಯ. ನಮ್ಮೂರೋನಾಗಿ ಅವ್ರಿಗ್ ಕೊಟ್ಟೆ."

ಅವನು ಜಟಕಾ ಹತ್ತಿ, ತನ್ನವರನ್ನೆಲ್ಲ ಹೊರಡಿಸಿಕೊಂಡು, ಗಫಾರನನ್ನು ಅಲ್ಲೇ ಬಿಟ್ಟು ಹೊರಟುಹೋದ. ಹನಕೆರೆಯವರು ಗಫಾರನಿಗೆ ಎಳನೀರು ಕೊಟ್ಟರು. ಅವನು ಅದನ್ನು ಅಲ್ಲಿದ್ದ ಹುಡುಗನೊಬ್ಬನ ಕೈಗಿಟ್ಟ. ರೈಲಿಗೆ ಕಾದು ಕೂತು ಊರಿಗೆ ಬಂದ.

ಮರಿಸಿದ್ದಯ್ಯ ಮೂರು ವಾರ ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ಎದೆಪಟ್ಟಿ ಕಿತ್ತಾಗ ಮಂಡ್ಯದವರೆಗೂ ಹೋಗಿ ಹೊಲಿಸಿದ. ಆ ಹೊಲಿಗೆಯ ಗಂಟು ಒತ್ತಿ ಕುದುರೆಯ ಎದೆಯ ಮೇಲೆ ಹುಣ್ಣಾಯಿತು. ಕುದುರೆ ಎಂದರೆ ಅವನಿಗೆ ಪ್ರಾಣ. ಜಂಬವನ್ನು ನುಂಗಿಕೊಂಡು ಒಂದು ಮಧ್ಯಾಹ್ನ ಪಟ್ಟಿ ಹಿಡಿದು ಬಂದ. ಗಫಾರನ ಮುಖ ನೋಡದೆ, "ಇದು ಬಸೀರವ್ವಂಗೆ ಕೊಡು. ನೀ ಒಲೀಬ್ಯಾಡ" ಎಂದ.

"ಆಗ್ಲಿ" ಎಂದ ಗಫಾರ್.

ಆದರೂ ಮರಿಸಿದ್ದಯ್ಯ ಹೋಗಲಿಲ್ಲ. ಮಣೆಯ ಎದುರು ಕೂತ. ಬೀಡಿ ಹಚ್ಚಿದ. ಹೊಗೆ ಬಿಟ್ಟು ಕೇಳಿದ, "ಅಲ್ಲಾ, ಅಷ್ಟ್ ಮಾತಾಡ್ತೀಯಲ್ಲ, ನೀನ್ ಒಂದ್ ಸಲನಾದ್ರೂ ಆ ಆಟ ಆಡಿದ್ದೀಯೇನ್ಲಾ?"

ಗಫಾರ್ ಕೈಯಲ್ಲಿದ್ದ ಪಟ್ಟಿಯನ್ನು ಮಡಿಸಿದ, ಬಿಡಿಸಿದ. "ಇಲ್ಲ ಕಣ್ಲಾ."

"ಯಾಕ್ಲಾ?"

"ನಿಂತ್ಕಳಾಕ್ ಆಯ್ತಿರ್ನಿಲ್ಲ. ಕುರ್ಚಿ ಮ್ಯಾಲ್ ಕೂರ್ಸುದ್ರು ಅಂದ್ನಲ್ಲ, ಅದು ಮರ್ವಾದೆಗಲ್ಲ. ಕಾಲ್ ಬರ್ತಿರ್ನಿಲ್ಲ. ನಮ್ ಗುಂಪ್ನಾಗೆ ಇಪ್ಪತ್ತಾರ್ ಜನ ಓಗಿದ್ವು. ಚೆಂಡು ನೋಡಾಕೆ ಉಳ್ದೋರು ಒಂಬತ್ ಜನ."

ಮರಿಸಿದ್ದಯ್ಯನ ಬೀಡಿ ಆರಿತು. ಮತ್ತೆ ಹಚ್ಚಲಿಲ್ಲ. ಗಫಾರ್ ಅಂದು ಮೊದಲ ಸಲ ಉಳಿದ ಕಥೆ ಹೇಳಿದ. ಬೇಯಿಸಿದ ಗೆಣಸಿನ ಎಲೆಯ ಕಥೆ, ಹೊತ್ತ ಕಲ್ಲುಗಳ ಕಥೆ, ಮಳವಳ್ಳಿ ಕಡೆಯ ಒಬ್ಬ ಚಿಕ್ಕಮಾದು ಎಂಬುವನು ತನ್ನ ಪಾಲಿನ ನೀರು ಕೊಟ್ಟು ಮಾರನೆಯ ದಿನ ಏಳದೇ ಹೋದ ಕಥೆ. ಯಾವುದನ್ನೂ ಹೆಚ್ಚಿಸಿ ಹೇಳಲಿಲ್ಲ. ಅದು ಮರಿಸಿದ್ದಯ್ಯನಿಗೆ ಹೊಸದು.

ಕೊನೆಗೆ ಮರಿಸಿದ್ದಯ್ಯ ಎದ್ದು ನಿಂತು ಪಂಚೆ ಕೊಡವಿದ. "ಭಾನುವಾರ ಅನಕೆರೇಲಿ ಇನ್ನೊಂದ್ ಆಟ. ತೀರ್ಪು ಮಾಡಾಕೆ ಬ್ಯಾರೆ ಯಾರ್ನಾರ ನಿಲ್ಸಾವ. ನೀ ನಮ್ ಕಡೀಗ್ ಆಡು."

"ನಂಗ್ ಓಡಾಕ್ ಆಗಾಕಿಲ್ಲ ಕಣ್ಲಾ."

"ಓಡ್ಬ್ಯಾಡ. ನಿಂತ್ಕೊ."

ಭಾನುವಾರ ಗಫಾರ್ ಹನಕೆರೆಯ ಬಯಲಿನಲ್ಲಿ ನಿಂತ. ಬಷೀರುನ್ನೀಸಾ ಜಟಕಾದ ಪರದೆಯೊಳಗೆ ಕೂತು ನೋಡಿದಳು. ಅರ್ಧ ಆಟ ಚೆಂಡು ಅವನ ಹತ್ತಿರವೇ ಸುಳಿಯಲಿಲ್ಲ. ಆಮೇಲೆ ಯಾರೋ ಎತ್ತರಕ್ಕೆ ಒದ್ದ ಚೆಂಡು ಆಕಾಶದಲ್ಲಿ ಹೊರಳುತ್ತ ಅವನ ಕಡೆಗೇ ಇಳಿಯಿತು. ಅವನು ಕಣ್ಣು ಮುಚ್ಚಿ ಎರಡು ಕೈಯಲ್ಲಿ ಅದನ್ನು ಅಪ್ಪಿ ಹಿಡಿದ. ನೆಲ ಮುಟ್ಟುವ ಮುಂಚೆ ಹಿಡಿದವನನ್ನು ಯಾರೂ ಮುಟ್ಟಬಾರದು ಎಂಬುದು ನಿಯಮ. ನುಗ್ಗಿ ಬರುತ್ತಿದ್ದ ಅಂಕಯ್ಯ ಹೆಜ್ಜೆ ತಡೆದು ನಿಂತ. ಇಪ್ಪತ್ತೊಂದು ಜನ ಅವನಿಗಾಗಿ ಕಾದರು.

ಗಫಾರ್ ನಿಧಾನವಾಗಿ ಗುರಿ ನೋಡಿದ, ಉಸಿರು ಎಳೆದುಕೊಂಡ, ಜೀವಮಾನದಲ್ಲಿ ಮೊದಲ ಸಲ ಪಂದ್ಯದಲ್ಲಿ ಚೆಂಡನ್ನು ಒದ್ದ. ಅದು ಉದ್ದ ಗಳವನ್ನೂ ಗಿಡ್ಡ ಗಳವನ್ನೂ ಬಿಟ್ಟು, ಬೂದಿಯ ಗೆರೆ ದಾಟಿ, ಅಂಕಯ್ಯನ ಕಬ್ಬಿನ ಗದ್ದೆಯ ಒಳಗೆ ಎಲ್ಲೋ ಬಿತ್ತು.

ಎರಡೂ ಊರಿನವರು ಹುಡುಕಲು ಕಬ್ಬಿನೊಳಗೆ ನುಗ್ಗಿದರು. ಬಹಳ ಹೊತ್ತು ಯಾರೂ ಹೊರಗೆ ಬರಲಿಲ್ಲ. ಒಳಗಿನಿಂದ ಲಟಲಟನೆ ಮುರಿಯುವ ಸದ್ದು ಕೇಳಿತು.

"ಚೆಂಡ್ ಸಿಕ್ತೇನ್ರಲಾ?" ಎಂದು ಅಂಕಯ್ಯ ಬದುವಿನ ಮೇಲೆ ನಿಂತು ಕೂಗಿದ.

"ಉಡುಕ್ತಾ ಇವ್ನಿ" ಎಂದ ಮರಿಸಿದ್ದಯ್ಯ, ಬಾಯಿ ತುಂಬ ಕಬ್ಬಿನ ರಸ ತುಂಬಿಕೊಂಡು.