ಕಗ್ಗದಾಸಪುರದ ಅಡ್ಮಿರಲ್

ನಮ್ಮ ಚಿಕ್ಕಪ್ಪ ನೌಕಾಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದರು. ಕಗ್ಗದಾಸಪುರದಲ್ಲಿ ಇದನ್ನು ಯಾರಿಗೂ ತಿಳಿಯುವ ಹಾಗೆ ಹೇಳಲು ನಮ್ಮಿಂದ ಆಗುತ್ತಿರಲಿಲ್ಲ. "ನೇವಿ ಅಂದ್ರೆ ಹಡಗು ತಾನೇ? ಹಡಗಿನೋನಿಗೆ ಆಕಾಶದಲ್ಲೇನು ಕೆಲಸ?" ಎಂದು ಪಕ್ಕದ ಮನೆಯವರು ಕೇಳಿದರೆ ಅಪ್ಪ, "ಹಡಗಿನ ಮೇಲಿಂದಾನೇ ಏಳ್ತಾನೆ, ಮತ್ತೆ ಅದರ ಮೇಲೇ ಇಳೀತಾನೆ" ಎನ್ನುತ್ತಿದ್ದರು. ಅವರು ನಂಬದೆ ನಗುತ್ತಿದ್ದರು.

ನಮ್ಮದು ರಾಗಿ, ಸೊಪ್ಪು ಬೆಳೆಯುವ ಮನೆ. ಹೊಲ ವಿಮಾನ ನಿಲ್ದಾಣದ ಬೇಲಿಗೆ ಹತ್ತಿರವಿತ್ತು. ಅಜ್ಜಿ ಸೊಪ್ಪಿನ ಮಂಕರಿ ಹೊತ್ತು ಹಲಸೂರು ಮಾರುಕಟ್ಟೆಗೆ ಹೋಗಿ ಮಾರಿ ಬರುತ್ತಿದ್ದಳು. ಚಿಕ್ಕಪ್ಪ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಮೊದಲ ಸಲ ನೌಕಾಪಡೆಯ ಆಯ್ಕೆ ಮಂಡಳಿಯ ಮುಂದೆ ನಿಂತಾಗ ಇಂಗ್ಲಿಷ್ ಬಾಯಿಗೆ ಬರದೆ ತಡವರಿಸಿ, ಸಪ್ಪೆ ಮುಖ ಮಾಡಿಕೊಂಡು ಮನೆಗೆ ಬಂದಿದ್ದರಂತೆ. ಮರುದಿನವೇ ಶಿವಾಜಿನಗರದ ಒಂದು ಸೈಕಲ್ ಅಂಗಡಿಗೆ ಕೆಲಸಕ್ಕೆ ಸೇರಿದರು. ಅಲ್ಲಿಗೆ ದಂಡಿನ ಕಡೆಯ, ಇಂಗ್ಲಿಷ್ ಮಾತನಾಡುವ ಗಿರಾಕಿಗಳು ಬರುತ್ತಿದ್ದರು. ಪಂಕ್ಚರ್ ಹಾಕುತ್ತಲೇ ಅವರೊಂದಿಗೆ ವರ್ಷವಿಡೀ ತಪ್ಪುತಪ್ಪಾಗಿ ಇಂಗ್ಲಿಷ್ ಮಾತನಾಡಿ, ಎರಡನೇ ಸಲ ಆಯ್ಕೆಯಾದರು. ನಮ್ಮ ಸುತ್ತಮುತ್ತಲ ಹಳ್ಳಿಗಳಿಂದ ಹಾಗೆ ಹೋದವರಲ್ಲಿ ಅವರೇ ಮೊದಲಿಗರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗಾಗ ಹತ್ತು ವರ್ಷವಿರಬೇಕು. ಮುಂಗಾರು ಶುರುವಾದ ವಾರ ಪಶ್ಚಿಮ ಕರಾವಳಿಯಾಚೆ ಒಂದು ಮೀನುಗಾರರ ದೋಣಿ ಮಗುಚಿಕೊಂಡಿತ್ತು. ಚಿಕ್ಕಪ್ಪನ ಹೆಲಿಕಾಪ್ಟರ್ ಹೋಗಿ ಅವರನ್ನು ಹಗ್ಗ ಇಳಿಬಿಟ್ಟು ಮೇಲೆತ್ತಿತು. ಮುಂದಿನ ರಜೆಗೆ ಬಂದಾಗ ಜಗಲಿಯ ಮೇಲೆ ಕೂತು ಆ ಕಥೆಯನ್ನು ಅವರೇ ಹೇಳಿದರು.

"ಐದು ಜನಾನ ಎತ್ಕೊಂಡ್ವಿ ಮಗಾ. ಪಕ್ಕದಲ್ಲಿದ್ದ ಹುಡುಗ ಪೈಲಟ್ಟು, 'ಸರ್, ಫ್ಯೂಯೆಲ್ ಸಾಕಾಗಲ್ಲ, ವಾಪಸ್ ಹೋಗೋಣ' ಅಂದ. ಅಷ್ಟರಲ್ಲಿ ಎತ್ಕೊಂಡಿದ್ದೋರಲ್ಲಿ ಒಬ್ಬ ಮುದುಕ ನನ್ನ ಭುಜ ಹಿಡ್ಕೊಂಡು ಕೆಳಗೆ ಕೈ ತೋರಿಸ್ದ. ಅವನ ತಮ್ಮ ಇನ್ನೂ ನೀರಲ್ಲೇ ಇದ್ದ."

"ನೀವೇನು ಮಾಡಿದ್ರಿ?"

"ಗಡಿಯಾರ ನೋಡ್ದೆ. ಇನ್ನೊಂದು ಸುತ್ತು ಹೊಡೆಯೋಕಾಗುತ್ತೆ ಅನ್ನಿಸ್ತು. ತಿರುಗಿಸ್ದೆ."

ಆರನೆಯವನೂ ಸಿಕ್ಕ. ಹೆಲಿಕಾಪ್ಟರ್ ಹಡಗಿನ ಮೇಲೆ ಇಳಿದಾಗ ಟ್ಯಾಂಕಿನ ಮುಳ್ಳು ತಳ ಮುಟ್ಟಿತ್ತು. ಅಜ್ಜಿ ರಾಗಿ ಕೇರುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೊರ ಕೆಳಗಿಟ್ಟು, "ಇನ್ನೊಂದ್ ಕಿತಾ ಇಂಗ್ ಮಾಡಿದ್ರೆ ನಾನೇ ಬಂದು ನಿನ್ ಕಾಲು ಮುರೀತೀನಿ" ಎಂದಳು. ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪನ ತಟ್ಟೆಗೆ ಎರಡು ಸೌಟು ತುಪ್ಪ ಸುರಿದಳು.

ಅಷ್ಟು ಅಪಾಯ ಮೈಮೇಲೆ ಎಳೆದುಕೊಂಡಿದ್ದಕ್ಕೆ ವಿಚಾರಣೆ ನಡೆಯಿತು. ಅವರ ಅಂದಾಜು ಸರಿಯಾಗಿಯೇ ಇತ್ತೆಂದು ಕೊನೆಗೆ ಎಲ್ಲರೂ ಒಪ್ಪಿದರು. ಆದರೆ ಆ ವರ್ಷ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಜೊತೆಯವರು ಮುಂದೆ ಹೋದರು. "ಬಿಟ್ಟು ಬಂದ್ಬಿಡೋ, ಖಾಸಗಿ ಕಂಪನಿಯೋರು ಕೈತುಂಬ ಕೊಡ್ತಾರೆ" ಎಂದು ಅಪ್ಪ ಫೋನಿನಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಆ ಕಡೆಯಿಂದ ಬಂದ ಉತ್ತರವನ್ನು ಅಪ್ಪ ಆಮೇಲೆ ಹೇಳಿದರು: "ಅಣ್ಣಾ, ನಂಗೆ ಹಡಗಿನ ಮೇಲೆ ಇಳಿಯೋದು ಬಿಟ್ರೆ ಬೇರೇನೂ ಬೇಡ." ಮರುವರ್ಷ ಬಡ್ತಿ ಬಂತು. ಅಲ್ಲಿಂದ ಅವರು ನಿಲ್ಲಲಿಲ್ಲ. ಯುದ್ಧನೌಕೆಯೊಂದರ ಕ್ಯಾಪ್ಟನ್ ಆದರು. ಹೊಸ ಪೈಲಟ್‌ಗಳಿಗೆ ತಾವೇ ಪಕ್ಕದಲ್ಲಿ ಕೂತು ಕಲಿಸಿದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಹೊಲವಿದ್ದ ಕಡೆ ಆಗಲೇ ಮನೆಗಳೆದ್ದಿದ್ದವು. ಒಂದು ಮಧ್ಯಾಹ್ನ ಫೋನ್ ಬಂತು. ನಾನೇ ಎತ್ತಿದೆ.

"ಅಜ್ಜಿಗೆ ಹೇಳು ಮಗಾ, ನನ್ನ ರಿಯರ್ ಅಡ್ಮಿರಲ್ ಮಾಡಿದಾರೆ."

ನಾನು ಕೂಗಿಕೊಂಡ ಜೋರಿಗೆ ಅಂಗಳದ ಕೋಳಿಗಳು ಚದುರಿದವು. ಅಜ್ಜಿ, "ಅಂಗಂದ್ರೆ ಏನೇ?" ಎಂದಳು. "ಇನ್ಮೇಲೆ ಅವರ ಕಾರಿಗೆ ನಕ್ಷತ್ರ ಹಾಕ್ತಾರಜ್ಜಿ" ಎಂದೆ. ಅಷ್ಟು ಸಾಕಾಯಿತು ಅವಳಿಗೆ.

ಅಧಿಕಾರ ವಹಿಸಿಕೊಳ್ಳುವ ದಿನ ಗೋವಾಕ್ಕೆ ನಾವೆಲ್ಲ ಹೋದೆವು. ಬಿಸಿಲಿನಲ್ಲಿ ಬಿಳಿ ಸಮವಸ್ತ್ರದ ಸಾಲುಗಳು, ನಡುವೆ ಕತ್ತಿ ಹಿಡಿದು ನಡೆಯುವ ನಮ್ಮ ಚಿಕ್ಕಪ್ಪ. ಇಳಕಲ್ ಸೀರೆಯುಟ್ಟ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಇಷ್ಟ್ ಜನ ಸೆಲ್ಯೂಟ್ ಹೊಡೀತಾವ್ರಲ್ಲ, ಎಲ್ಲಾ ಇವನ ಕೈಕೆಳಗಿನವ್ರಾ?"

"ಹೂಂ ಅಜ್ಜಿ."

"ಊಟ ಆಗೈತಾ ಪಾಪ ಅವರ್ದೆಲ್ಲ?"

ಕವಾಯತು ಮುಗಿದ ಮೇಲೆ ಚಿಕ್ಕಪ್ಪ ಬಂದು ಅಜ್ಜಿಯ ಕಾಲಿಗೆರಗಲು ಬಗ್ಗಿದರು. ಸೊಂಟದ ಕತ್ತಿ ಅಡ್ಡ ಬಂತು. "ಮೊದ್ಲು ಅದನ್ನ ಪಕ್ಕಕ್ಕಿಡಪ್ಪ, ಯಾರಿಗಾದ್ರೂ ತಗಲೀತು" ಎಂದಳು. ಸುತ್ತ ನಿಂತ ಅಧಿಕಾರಿಗಳಿಗೆ ಕನ್ನಡ ಬರದಿದ್ದರೂ ಏನಾಯಿತೆಂದು ಅರ್ಥವಾಗಿ ಎಲ್ಲರೂ ನಕ್ಕರು.

ತಿಂಗಳ ನಂತರ ಅವರು ಊರಿಗೆ ಬಂದರು. ರೈಲ್ವೆ ಗೇಟಿನ ಹತ್ತಿರವೇ ಜನ ಕಾರು ನಿಲ್ಲಿಸಿ, ಹಾರ ಹಾಕಿ ಕೆಳಗಿಳಿಸಿದರು. ತಮಟೆಯವರು ಮುಂದೆ ನಿಂತರು. ಅಂದು ನಂಬದೆ ನಗುತ್ತಿದ್ದ ಪಕ್ಕದ ಮನೆಯವರೇ ಹಣೆಗೆ ಕುಂಕುಮವಿಟ್ಟು, "ಎಲ್ಲಿ, ಒಂದ್ ಹೆಜ್ಜೆ ಹಾಕಿ ಸಾಹೇಬ್ರೆ" ಎಂದು ಕೈಹಿಡಿದೆಳೆದರು. ಐವತ್ತು ದಾಟಿದ್ದ ಚಿಕ್ಕಪ್ಪ ಒಂದು ಕ್ಷಣ ಅಪ್ಪನ ಮುಖ ನೋಡಿದರು. ಟೋಪಿ ತೆಗೆದು ನನ್ನ ಕೈಗಿತ್ತರು, ಬಿಳಿ ಶೂ ಬಿಚ್ಚಿ ಬದಿಗಿಟ್ಟರು. ಆಮೇಲೆ ಕಗ್ಗದಾಸಪುರದ ನಡುರಸ್ತೆಯಲ್ಲಿ, ಕುಂಕುಮ ಚೆಲ್ಲಿದ ಸಮವಸ್ತ್ರದಲ್ಲೇ, ತಮಟೆಗೆ ತಕ್ಕ ಹಾಗೆ ಕುಣಿದೇ ಬಿಟ್ಟರು.