ಆಯಿ ಗುರುತಿಸಿದ ಹುಂಜ

ಮುಧೋಳ ಇನ್ನೂ ಮುಂಬೈ ರಾಜ್ಯದಲ್ಲಿದ್ದಾಗಿನ ಮಾತು. ನನಗಾಗ ಎಂಟು ವರ್ಷ. ವಿಷಮಜ್ವರದಿಂದ ಎದ್ದಿದ್ದೆ, ಅಷ್ಟೇ. ಅಂಗಳ ದಾಟುವಷ್ಟರಲ್ಲಿ ಕಾಲು ನಡುಗುತ್ತಿದ್ದವು. ದಿನಕ್ಕೊಂದು ತತ್ತಿ ತಿನ್ನಿಸದಿದ್ದರೆ ಹುಡುಗಿ ಚೇತರಿಸಿಕೊಳ್ಳುವುದಿಲ್ಲ ಎಂದು ದವಾಖಾನೆಯ ಡಾಕ್ಟರು ಹೇಳಿದ್ದರು. ತತ್ತಿ ಎಲ್ಲಿಂದ ಬರಬೇಕು? ಬೀಗರು ಬಂದರೆ ಸಾಕು, ನಮ್ಮಪ್ಪ ಹಿತ್ತಲಿಗೆ ಹೋಗಿ ಕೈಗೆ ಸಿಕ್ಕ ಕೋಳಿ ಕೊಯ್ಯುವವನು. ಬೀಗರೋ, ವಾರವಾರ ಹಾಜರ್! ತತ್ತಿ ಇಡುವ ತನಕ ಒಂದು ಹೇಟೆಯೂ ಬದುಕುತ್ತಿರಲಿಲ್ಲ.

ಅಪ್ಪ ಮುಟ್ಟದೇ ಇದ್ದದ್ದು ದೇವರಿಗೆ ಬಿಟ್ಟ ಹುಂಜವನ್ನು ಮಾತ್ರ. ನನ್ನ ಜ್ವರ ಇಳಿಯಲೆಂದು ಅವ್ವ ದುರ್ಗವ್ವನಿಗೆ ಒಂದು ಹುಂಜದ ಹರಕೆ ಹೊತ್ತಿದ್ದಳು. ಅದನ್ನು ಆರಿಸಿಕೊಟ್ಟವಳು ಅಪ್ಪನ ತಾಯಿ, ನಮ್ಮ ಆಯಿ. ಮರಿಯ ರೆಕ್ಕೆ ಬಿಡಿಸಿ, ಕಾಲು ಒತ್ತಿ ನೋಡಿ, ಜವಾರಿಯೋ ಅಸೀಲೋ, ಹುಂಜವೋ ಹೇಟೆಯೋ ಹೇಳಿಬಿಡುತ್ತಿದ್ದಳು. ಇಡೀ ಓಣಿಗೆ ಅವಳ ಮಾತೇ ಕೊನೆ. ಒಂದು ಕೆಂಪು ಮರಿ ಎತ್ತಿ, "ಇದು ಹುಂಜ, ದೇವೀದು. ಯಾರೂ ಮುಟ್ಟಬ್ಯಾಡ್ರಿ," ಎಂದು ಕಾಲಿಗೆ ಅರಿಶಿನದ ದಾರ ಕಟ್ಟಿದಳು.

ಚಳಿಗಾಲ ಬಂದರೂ ನನ್ನ ಮೈಗೆ ಬಲ ಬರಲಿಲ್ಲ. ಮರಿ ಮಾತ್ರ ಬೆಳೆಯಿತು. ಜುಟ್ಟು ದೊಡ್ಡದಾಗಲಿಲ್ಲ, ಕೂಗಲೂ ಇಲ್ಲ. ಅಪ್ಪನಿಗೆ ಸಂಶಯ.

"ಅಸೀಲ್ ಜಾತಿ ಅದು, ತಡಾ ಆಗ್ತೈತಿ. ನನಗ ಕಲಸಾಕ ಬಂದಿಯೇನ್ಲೇ?" ಎಂದು ಆಯಿ ಮಗನ ಬಾಯಿ ಮುಚ್ಚಿಸಿದಳು.

ಒಂದು ಬೆಳಿಗ್ಗೆ ದೇವಿಯ ಹುಂಜ ತತ್ತಿ ಇಟ್ಟಿತು!

ಅವ್ವ ಎದೆ ಬಡಿದುಕೊಂಡಳು. "ಅತ್ತಿ, ದೇವಿಗೆ ಮೋಸ ಆತಲ್ರೀ! ನನ್ನ ಮಗಳನ್ನ ಉಳಸ್ತಾಳೇನ್ರೀ ಆಕಿ?"

"ಅಳಬ್ಯಾಡ," ಎಂದಳು ಆಯಿ. "ಹ್ಯಾಟಿ ಅಂತ ನನಗ ಮೊದಲ ಗೊತ್ತಿತ್ತು. ಹಂಗ ಹೇಳಿದ್ರ ನಿನ್ನ ಗಂಡ ಬಿಡ್ತಿದ್ನ? ಹರಕಿ ಹುಂಜ ನಾ ಬ್ಯಾರೆ ಕೊಡ್ತೇನಿ. ಸುಳ್ಳ ಹೇಳಿದಾಕಿ ನಾನು, ದೇವಿ ಸಿಟ್ಟ ನನ್ನ ಮ್ಯಾಲ ಇರ್ಲಿ. ನಾ ಉಂಡಾಕಿ, ತಿಂದಾಕಿ. ಈ ಕೂಸಿಂದ ಇನ್ನೂ ಏನಾಗೇತಿ?"

ತತ್ತಿ ತಂದು ನನ್ನ ಅಂಗೈಯಲ್ಲಿಟ್ಟಳು. ಇನ್ನೂ ಬೆಚ್ಚಗಿತ್ತು.

ಕಾಲಿನ ಅರಿಶಿನದ ದಾರ ಆಯಿ ಬಿಚ್ಚಲಿಲ್ಲ, ಅಪ್ಪ ಆ ಹೇಟೆಯನ್ನು ಮುಟ್ಟಲಿಲ್ಲ. ಬೇಸಿಗೆಯ ಹೊತ್ತಿಗೆ ನಾನು ಓಣಿಯಲ್ಲಿ ಓಡಾಡುತ್ತಿದ್ದೆ. ಆಯಿ ಖರೇ ಹುಂಜವೊಂದನ್ನು ಬಗಲಲ್ಲಿಟ್ಟುಕೊಂಡು, ನನ್ನ ಕೈ ಹಿಡಿದು ಗುಡಿಗೆ ಹೋದಳು. ದಿನಾ ಒಳಗೆ ಹೋಗಿ ಕೈಮುಗಿಯುತ್ತಿದ್ದವಳು ಅಂದು ಹೊಸ್ತಿಲು ದಾಟಲಿಲ್ಲ. ಹುಂಜವನ್ನು ಪೂಜಾರಿಗೆ ಕೊಟ್ಟು, ಹೊರಗೇ ನಿಂತು ಒಂದೇ ಕೈಯಲ್ಲಿ ಗಲ್ಲ ಬಡಿದುಕೊಂಡಳು. ನನಗೀಗ ಮೊಮ್ಮಕ್ಕಳಿದ್ದಾರೆ. ನನ್ನ ಜೀವಕ್ಕಾಗಿ ದೇವರೆದುರು ತಪ್ಪಿತಸ್ಥಳಾಗಿ ನಿಂತವಳು ಆಕೆ. ಅಂದು ಅವಳ ಇನ್ನೊಂದು ಕೈ ನನ್ನನ್ನು ಬಿಟ್ಟಿರಲಿಲ್ಲ.